ಭುಜಕ್ಕೆ ಒದೆಯದ ಬಂದೂಕು

ಭಾಗ 1

ಎನ್‌ಸಿಸಿ ಕ್ಯಾಂಪಲ್ಲಿ .22 ರೈಫಲ್ ಹೊಡೆದವರು ಇಲ್ಲಿ ಎಷ್ಟು ಜನ ಇದೀರಾ? ನಿಮಗೆ ಇದು ಬೇಗ ಅರ್ಥ ಆಗುತ್ತೆ.

ಫೈರಿಂಗಿನ ಹಿಂದಿನ ರಾತ್ರಿ ಸೀನಿಯರ್‌ಗಳು ಚೆನ್ನಾಗಿ ಹೆದರಿಸಿದ್ದರು. ಭುಜ ಕಿತ್ಕೊಂಡು ಬರುತ್ತೆ, ಕೆನ್ನೆ ಊದುತ್ತೆ, ಹೀಗೆ. ಬೆಳಿಗ್ಗೆ ಚಾಪೆ ಮೇಲೆ ಬೋರಲು ಮಲಗಿ, 25 ಗಜ ದೂರದ ಟಾರ್ಗೆಟ್ ನೋಡ್ತಾ, ಅರ್ಧ ಕಣ್ಣು ಮುಚ್ಚಿಕೊಂಡೇ ಟ್ರಿಗರ್ ಎಳೆದೆ. ಟಪ್. ಅಷ್ಟೇ! ಗೆಳೆಯ ಬೆನ್ನು ತಟ್ಟಿದರೂ ಅದಕ್ಕಿಂತ ಜೋರಾಗಿರುತ್ತೆ.

ಖುಷಿ ತಡೆಯಲಾಗದೆ ಪಕ್ಕದವನ ಕಡೆ ಹೊರಳಿ "ಏನೂ ಆಗ್ಲಿಲ್ಲ ಕಣೋ" ಅಂದೆ. ನಾನು ಹೊರಳಿದಾಗ ಕೈಯಲ್ಲಿದ್ದ ರೈಫಲ್ಲೂ ಹೊರಳಿತ್ತು. ಉಸ್ತಾದರು ಯಾವಾಗ ಬಂದರೋ ಗೊತ್ತಿಲ್ಲ, ನಳಿಗೆಯನ್ನು ನೆಲಕ್ಕೆ ಒತ್ತಿ ಹಿಡಿದಿದ್ದರು. ಬೈಯಲಿಲ್ಲ. ಅವರ ಮುಖ ಬಿಳುಚಿಕೊಂಡಿತ್ತು. ನನಗೆ ಇನ್ನೂ ನಾಲ್ಕು ಗುಂಡು ಬಾಕಿ ಇದ್ದವು.

ಆ "ಏನೂ ಆಗ್ಲಿಲ್ಲ" ಅನ್ನೋ ಮಾತಿಗೂ ಒಂದು ಇತಿಹಾಸ ಇದೆ. ಅದು ಹೆಚ್ಚಾಗಿ ಅಮೆರಿಕದ್ದು. ಅಲ್ಲಿನ ಎಷ್ಟೋ ಹಳ್ಳಿ ಮನೆಗಳಲ್ಲಿ ಮಗುವಿಗೆ ಮೊದಲ ರೈಫಲ್ ಕೊಡಿಸೋದು ಅಂದ್ರೆ ನಮ್ಮಲ್ಲಿ ಮೊದಲ ಸೈಕಲ್ ಕೊಡಿಸಿದ ಹಾಗೆ. ಯಾವುದು ಕೊಡಿಸೋದು ಅಂತ ಅಪ್ಪಂದಿರು ನೂರು ವರ್ಷಕ್ಕೂ ಮೀರಿ ತಲೆ ಕೆಡಿಸಿಕೊಂಡಿದ್ದಾರೆ. ಬಹುಪಾಲು ಸಿಕ್ಕ ಉತ್ತರ ಒಂದೇ: .22.

ಯಾಕೆ ಅಂತ ನೋಡೋಕೆ ಒಂಬತ್ತನೇ ಕ್ಲಾಸಿನ ನ್ಯೂಟನ್ ಸಾಕು. ಗುಂಡು ಮುಂದಕ್ಕೆ ಹೋದಷ್ಟೇ ಜೋರಾಗಿ ಬಂದೂಕು ಹಿಂದಕ್ಕೆ ಒದೆಯುತ್ತೆ. ಬಂದೂಕು ಭಾರ ಇದ್ದರೆ ಒದೆತ ಕಮ್ಮಿ, ಹಗುರ ಇದ್ದರೆ ಜಾಸ್ತಿ. ಈಗ ತಮಾಷೆ ನೋಡಿ, ಮಗುವಿಗೆ ಭಾರದ ಬಂದೂಕು ಎತ್ತೋಕೇ ಆಗಲ್ಲ. ಹಗುರ ಮಾಡಿದರೆ ಭುಜ ನೋಯುತ್ತೆ. ಉಳಿದ ದಾರಿ ಒಂದೇ, ಗುಂಡನ್ನೇ ಚಿಕ್ಕದು ಮಾಡೋದು. ಹಳೇ .303 ರೈಫಲ್ಲಿನ ಗುಂಡು ಸುಮಾರು 11 ಗ್ರಾಂ. .22 ಲಾಂಗ್ ರೈಫಲ್ ಗುಂಡು ಎರಡೂವರೆ ಗ್ರಾಂ ಚಿಲ್ಲರೆ, ವೇಗವೂ ಅದರ ಅರ್ಧದಷ್ಟೇ. ಲೆಕ್ಕ ಹಾಕಿದರೆ ತಳ್ಳುವಿಕೆ ಹತ್ತರಲ್ಲಿ ಒಂದು ಪಾಲು.

ಭಾಗ 2

ಈ ಪುಟ್ಟ ಗುಂಡು ಹುಟ್ಟಿದ್ದು ಮಕ್ಕಳಿಗೋಸ್ಕರ ಅಲ್ಲ. 1845ರಲ್ಲಿ ಫ್ರಾನ್ಸಿನ ಲೂಯಿ ನಿಕೋಲಾ ಫ್ಲೋಬೆರ್ ಅನ್ನೋ ಬಂದೂಕು ತಯಾರಕ, ಸಿಡಿಯೋ ಟೋಪಿಯ ಬಾಯಿಗೆ ಒಂದು ಸಣ್ಣ ಸೀಸದ ಗುಂಡು ಕೂರಿಸಿದ. ಒಳಗೆ ಬೇರೆ ಮದ್ದೇ ಇಲ್ಲ. ಶ್ರೀಮಂತರು ಮನೆಯ ಹಜಾರದಲ್ಲೇ ಗುರಿ ಆಟ ಆಡೋಕೆ ಇದು ಸಾಕಾಗಿತ್ತು. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸ್ಸನ್ ಅದಕ್ಕೆ ಚಿಟಿಕೆ ಕರಿಮದ್ದು ಸೇರಿಸಿ .22 ಶಾರ್ಟ್ ಮಾಡಿತು. .22 ಅಂದ್ರೆ ಒಂದು ಇಂಚಿನ ನೂರು ಪಾಲಲ್ಲಿ 22 ಪಾಲು ದಪ್ಪ, ಸುಮಾರು 5.6 ಮಿಲಿಮೀಟರ್. ನಾನು ಕ್ಯಾಂಪಲ್ಲಿ ಹೊಡೆದ .22 ಲಾಂಗ್ ರೈಫಲ್ ಬಂದಿದ್ದು 1887ರಲ್ಲಿ, ಸ್ಟೀವನ್ಸ್ ಕಂಪನಿಯಿಂದ. ಮುಂದೆ ಅದೇ ಕಂಪನಿ 'ಕ್ರ್ಯಾಕ್‌ಶಾಟ್', 'ಲಿಟಲ್ ಸ್ಕೌಟ್' ಅಂತ ಹುಡುಗರ ಬಾಯಲ್ಲಿ ನೀರೂರಿಸೋ ಹೆಸರಿಟ್ಟು ಸಣ್ಣ ರೈಫಲ್ ಮಾರಿತು.

ನನಗೆ ಇಷ್ಟದ ಕಥೆ ಡೇಸಿಯದು. ಮಿಶಿಗನ್‌ನ ಪ್ಲಿಮತ್ ಊರಲ್ಲಿ ಗಾಳಿಯಂತ್ರ ಮಾಡೋ ಕಂಪನಿ ಒಂದಿತ್ತು. 1880ರ ದಶಕದ ಕೊನೇಲಿ ವ್ಯಾಪಾರ ಬಿದ್ದುಹೋಗಿತ್ತು. ಕ್ಲಾರೆನ್ಸ್ ಹ್ಯಾಮಿಲ್ಟನ್ ಒಂದು ಲೋಹದ ಏರ್‌ಗನ್ ಮಾಡಿ ತೋರಿಸಿದಾಗ ಮ್ಯಾನೇಜರ್ "ಇದು ಡೇಸಿ ಕಣಯ್ಯ" ಅಂದನಂತೆ. ಡೇಸಿ ಹೂವೇ, ಆದರೆ ಆಗಿನ ಆಡುಮಾತಲ್ಲಿ 'ಬೊಂಬಾಟ್' ಅಂತ ಅರ್ಥ. ಗಾಳಿಯಂತ್ರ ಕೊಂಡ ರೈತನಿಗೆ ಏರ್‌ಗನ್ ಫ್ರೀ. ಕೊನೆಗೆ ಯಂತ್ರ ಯಾರಿಗೂ ಬೇಡ, ಎಲ್ಲರಿಗೂ ಗನ್ನೇ ಬೇಕು! 1895ರಲ್ಲಿ ಕಂಪನಿ ತನ್ನ ಹೆಸರನ್ನೇ ಡೇಸಿ ಅಂತ ಬದಲಾಯಿಸಿಕೊಂಡಿತು. ಆ ಹ್ಯಾಮಿಲ್ಟನ್ ಆಮೇಲೆ ಅಲ್ಲಿಂದ ಹೊರಬಂದು ಅಗ್ಗದ .22 ರೈಫಲ್ ಮಾಡೋಕೆ ಶುರು ಮಾಡಿದ. ಹುಡುಗರು ಮನೆಮನೆಗೆ ಹೋಗಿ ಸಾಮಾನು ಮಾರಿದರೆ ಅದು ಬಹುಮಾನವಾಗಿ ಸಿಗ್ತಿತ್ತು. ಅಂದ್ರೆ ಆಯ್ಕೆ ನಿಧಾನಕ್ಕೆ ಅಪ್ಪನ ಕೈಯಿಂದ ಹುಡುಗನ ಕೈಗೆ ಜಾರಿತ್ತು.

ಭಾಗ 3

ಒದೆತದ ಜೊತೆ ಇನ್ನೊಂದು ಅಳತೆ ಇದೆ, ಹಿಂಭಾಗದ ಮರದ ದಿಮ್ಮಿಯಿಂದ ಟ್ರಿಗರ್‌ವರೆಗಿನ ಉದ್ದ. ದೊಡ್ಡವರಿಗೆ ಅದು 13-14 ಇಂಚು. ಮಗುವಿನ ಕೈ ಅಷ್ಟು ಚಾಚಲ್ಲ, ಅಪ್ಪಂದಿರು ಗರಗಸ ತಗೊಂಡು ಮರ ಕೊಯ್ದು ಗಿಡ್ಡ ಮಾಡ್ತಿದ್ದರು. 1996ರಲ್ಲಿ ಪೆನ್ಸಿಲ್ವೇನಿಯಾದ ಒಂದು ಕಂಪನಿ ಅಳತೆಗೆ ಹೊಲಿದ ಬಟ್ಟೆ ಹಾಗೆ ಮಕ್ಕಳ .22 ಮಾಡಿತು. ಹೆಸರು ಕ್ರಿಕೆಟ್! ನಮ್ಮ ಆಟ ಅಲ್ಲ, ಚಿರ್ರೆನ್ನೋ ಹುಳ. ತೂಕ ಒಂದು ಕೆಜಿಗೆ ಸ್ವಲ್ಪ ಮೇಲೆ. ಗುಲಾಬಿ ಬಣ್ಣದ್ದೂ ಇತ್ತು. ಜಾಹೀರಾತಿನ ಸಾಲು: ನನ್ನ ಮೊದಲ ರೈಫಲ್.

ಎಚ್ಚರಿಕೆ ಇಲ್ಲದೆ ಮಾಡಿದ ವಸ್ತು ಅಲ್ಲ ಅದು. ಒಂದು ಸಲಕ್ಕೆ ಒಂದೇ ಗುಂಡು. ಗುಂಡು ಹಾಕಿದ ಮೇಲೆ ಹಿಂದಿನ ಗುಬುಟನ್ನು ಬೇರೆಯಾಗಿ ಎಳೆದು ಸಜ್ಜು ಮಾಡಬೇಕು. ಇಷ್ಟೆಲ್ಲಾ ಇದ್ದರೂ 2013ರ ಏಪ್ರಿಲ್‌ನಲ್ಲಿ ಕೆಂಟಕಿಯ ಒಂದು ಮನೆಯಲ್ಲಿ, ಉಡುಗೊರೆ ಬಂದಿದ್ದ ಅದೇ ಜಾತಿಯ ರೈಫಲ್ಲಿಂದ ಐದು ವರ್ಷದ ಹುಡುಗನ ಕೈಯಲ್ಲಿ ಗುಂಡು ಹಾರಿತು. ಅವನ ಎರಡು ವರ್ಷದ ತಂಗಿ ಸತ್ತುಹೋದಳು. ರೈಫಲ್ ಮನೆಯ ಮೂಲೆಯಲ್ಲಿತ್ತು. ಒಳಗೆ ಒಂದು ಗುಂಡು ಉಳಿದಿದೆ ಅಂತ ಮನೆಯವರಿಗೆ ಗೊತ್ತಿರಲಿಲ್ಲ. ಅಮ್ಮ ಹೊರಗೆ ಹೋಗಿದ್ದು ಕೆಲವೇ ನಿಮಿಷ.

ಇದನ್ನು ಓದಿದ ದಿನ ನಾನು ತುಂಬಾ ಹೊತ್ತು ನಮ್ಮ ಉಸ್ತಾದರ ಮುಖ ನೆನೆಸಿಕೊಂಡೆ. ಆ ಹುಡುಗನಿಗೂ ಭುಜದಲ್ಲಿ ಏನೂ ಆಗಿರಲ್ಲ, ಅಲ್ವಾ? ಇಷ್ಟು ವರ್ಷ ಎಲ್ಲರೂ ಅಳೆದಿದ್ದು ಬಂದೂಕಿನ ಈ ಕಡೆಯ ತುದಿಯನ್ನು. ಆ ಕಡೆಯ ತುದಿಯಲ್ಲಿ ಪುಟ್ಟ .22 ಕೂಡ ಒಂದು ಮೈಲಿಗೂ ಮೀರಿ ಹೋಗಬಲ್ಲದು. ಅಮೆರಿಕದಲ್ಲಿ ಮಕ್ಕಳ ಕೈಗೆ ಬಂದೂಕು ಸಿಗೋ ಹಾಗೆ ಬಿಟ್ಟ ದೊಡ್ಡವರನ್ನು ಹೊಣೆ ಮಾಡೋ ಕಾನೂನು ಮೊದಲು ಬಂದಿದ್ದು ಫ್ಲೋರಿಡಾದಲ್ಲಿ, ಅದೂ 1989ಕ್ಕೆ. .22 ಲಾಂಗ್ ರೈಫಲ್ ಬಂದು ನೂರೆರಡು ವರ್ಷ ಆದ ಮೇಲೆ. ನಮ್ಮಲ್ಲಿ 21 ತುಂಬದೆ ಬಂದೂಕು ಇಟ್ಟುಕೊಳ್ಳೋ ಹಾಗಿಲ್ಲ, ತರಬೇತಿಗೆ ಮಾತ್ರ ಷರತ್ತಿನ ಮೇಲೆ ವಿನಾಯಿತಿ.

ಆ ದಿನ ಉಳಿದ ನಾಲ್ಕು ಗುಂಡನ್ನೂ ಉಸ್ತಾದರು ನನ್ನ ಕೈಯಲ್ಲೇ ಹೊಡೆಸಿದರು, ಪಕ್ಕದಲ್ಲೇ ಕೂತು. ಗ್ರೂಪಿಂಗ್ ಕೇಳಬೇಡಿ. ಮುಗಿದ ಮೇಲೆ ಬೋಲ್ಟ್ ತೆರೆದು ಒಳಗೆ ಕಿರುಬೆರಳು ಹಾಕಿ ನೋಡಿದರು. ಆಮೇಲೆ ಹುಲ್ಲಲ್ಲಿ ಬಿದ್ದಿದ್ದ ಖಾಲಿ ಖೋಖಾ ಹುಡುಕೋಕೆ ಹೇಳಿದರು. ನಾಲ್ಕು ಸಿಕ್ಕವು. ಐದನೆಯದು ಸಿಗೋವರೆಗೂ ಇಡೀ ಸಾಲಿನ ಯಾರನ್ನೂ ತಿಂಡಿಗೆ ಬಿಡಲಿಲ್ಲ.