ವೃಕೋದರನ ಗೃಹಸ್ಥಾಶ್ರಮ

ಭೀಮಸೇನನಿಗೆ ವೃಕೋದರನೆಂಬ ಹೆಸರು ಏಕೆ ಬಂದಿತೆಂದು ನಮ್ಮಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಬಕಾಸುರನಿಗೆಂದು ಏಕಚಕ್ರನಗರದಿಂದ ಹೊರಟ ಬಂಡಿಯ ಅನ್ನವನ್ನೆಲ್ಲ ಆ ರಾಕ್ಷಸನ ಕಣ್ಣೆದುರಿಗೇ ಉಂಡು ಮುಗಿಸಿದವನ ಉದರವು ತೋಳನ ಉದರವಲ್ಲದೆ ಮತ್ತಾರದು? ಆದರೆ ಈ ‘ವೃಕ’ ಶಬ್ದದ ಬಂಧುಬಳಗವು ಎಷ್ಟು ದೂರದವರೆಗೆ ಹಬ್ಬಿದೆಯೆಂಬುದು ಅಷ್ಟಾಗಿ ಮಾತಿಗೆ ಬರುವುದಿಲ್ಲ. ಗ್ರೀಕರ ‘ಲೂಕೊಸ್’, ರಷ್ಯನ್ನರ ‘ವೊಲ್ಕ್’, ಇಂಗ್ಲಿಷರ ‘ವುಲ್ಫ್’ ಇವೆಲ್ಲವೂ ನಮ್ಮ ವೃಕದೊಡನೆ ಒಂದೇ ಬೇರಿನಿಂದ ಚಿಗುರಿದವುಗಳೆಂದು ಭಾಷಾಶಾಸ್ತ್ರಜ್ಞರು ಹೇಳುವರು. ಹಳೆಯ ಇಂಗ್ಲಿಷಿನಲ್ಲಿ ಪುರುಷನಿಗಿದ್ದ ‘ವೆರ್’ ಎಂಬ ಹೆಸರು ನಮ್ಮ ‘ವೀರ’ನ ಸೋದರ. ಆದುದರಿಂದ ‘ವೇರ್‌ವುಲ್ಫ್’ ಎಂಬ ಪಾಶ್ಚಾತ್ಯ ಭೂತದ ಹೆಸರನ್ನು ಅಕ್ಷರಶಃ ‘ವೀರವೃಕ’ವೆಂದು ಬರೆದರೆ ವ್ಯುತ್ಪತ್ತಿಗೆ ಲೋಪವೇನೂ ಇಲ್ಲ, ಆದರೂ ವೀರಗಲ್ಲುಗಳ ನಾಡಿನಲ್ಲಿ ಆ ಬಿರುದನ್ನು ಅಷ್ಟು ಅಗ್ಗವಾಗಿ ಕೊಡಲು ಮನಸ್ಸೊಪ್ಪದೆ ನಾನು ಈ ಪ್ರಬಂಧದಲ್ಲಿ ಅದನ್ನು ನರವೃಕವೆಂದೇ ಕರೆಯುತ್ತೇನೆ. ಹಗಲು ಮನುಷ್ಯನಾಗಿದ್ದು ಇರುಳು ತೋಳನಾಗುವ ಈ ಜೀವಿಯು ಕಾಡನ್ನೂ ನ್ಯಾಯಸ್ಥಾನವನ್ನೂ ಬಿಟ್ಟು, ಗಣಕಯಂತ್ರದೊಳಗಿನ ಒಂದು ಬೊಂಬೆಮನೆಯಲ್ಲಿ ಸಂಸಾರ ಹೂಡಿದ ಕಥೆಯೇ ಇಲ್ಲಿಯ ವಿಷಯ.

ಕ್ರಿಸ್ತಪೂರ್ವ 5ನೆಯ ಶತಮಾನದ ಹೆರೊಡೋಟಸನು ಶಕರ ಸೀಮೆಯಾಚೆಗಿನ ನ್ಯೂರಿ ಎಂಬ ಜನಾಂಗವನ್ನು ವರ್ಣಿಸುವಾಗ, ಅವರಲ್ಲಿ ಪ್ರತಿಯೊಬ್ಬನೂ ವರ್ಷಕ್ಕೊಮ್ಮೆ ಕೆಲವು ದಿನ ತೋಳನಾಗಿದ್ದು ಮತ್ತೆ ಮನುಷ್ಯನಾಗುವನೆಂಬ ಸುದ್ದಿಯನ್ನು ಬರೆದಿಟ್ಟು, ಹೇಳಿದವರು ಆಣೆಯಿಟ್ಟು ಹೇಳಿದರೂ ತಾನು ಮಾತ್ರ ನಂಬಲಿಲ್ಲವೆಂದು ಸೇರಿಸುತ್ತಾನೆ. ಕ್ರಿಸ್ತಶಕ 1ನೆಯ ಶತಮಾನದ ರೋಮನ್ ಲೇಖಕ ಪೆಟ್ರೋನಿಯಸನ ಕೃತಿಯಲ್ಲಿ ಬರುವ ಪ್ರಸಂಗವು ಇದಕ್ಕಿಂತ ರಸವತ್ತಾದುದು. ಶ್ರೀಮಂತನೊಬ್ಬನ ಮನೆಯ ಔತಣದಲ್ಲಿ ಅತಿಥಿಯೊಬ್ಬನು ತನ್ನ ಅನುಭವವನ್ನು ಹೇಳುತ್ತಾನೆ: ಹಾಲು ಚೆಲ್ಲಿದಂಥ ಬೆಳದಿಂಗಳಿನಲ್ಲಿ ತನ್ನೊಡನೆ ನಡೆದು ಬರುತ್ತಿದ್ದ ಸೈನಿಕನು ದಾರಿಬದಿಯ ಸಮಾಧಿಗಳ ನಡುವೆ ನಿಂತು, ಉಟ್ಟ ಬಟ್ಟೆಯನ್ನೆಲ್ಲ ಕಳಚಿಟ್ಟು, ಅದರ ಸುತ್ತಲೂ ಮೂತ್ರಮಾಡಿ, ತೋಳನಾಗಿ ಊಳಿಟ್ಟು ಕಾಡಿಗೆ ಓಡಿಹೋದನು, ಕಳಚಿದ ಬಟ್ಟೆಯೋ ಕಲ್ಲಾಗಿತ್ತು. ಗೆಳತಿಯ ಮನೆ ತಲಪಿದಾಗ, ತೋಳವೊಂದು ಕುರಿದೊಡ್ಡಿಗೆ ನುಗ್ಗಿತ್ತೆಂದೂ ಆಳೊಬ್ಬನು ಅದರ ಕತ್ತಿಗೆ ಈಟಿಯಿಂದ ತಿವಿದನೆಂದೂ ತಿಳಿಯಿತು. ಬೆಳಗಾಗುತ್ತಲೇ ಮನೆಗೆ ಓಡಿಬಂದು ನೋಡಿದರೆ ಸೈನಿಕನು ಹಾಸಿಗೆಯ ಮೇಲೆ ಬಿದ್ದಿದ್ದಾನೆ, ವೈದ್ಯನು ಅವನ ಕತ್ತಿನ ಗಾಯಕ್ಕೆ ಮದ್ದು ಹಚ್ಚುತ್ತಿದ್ದಾನೆ. ಈ ಪ್ರಸಂಗದಲ್ಲೆಲ್ಲ ಸೈನಿಕನು ಒಂದು ಮಾತನ್ನೂ ಆಡುವುದಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ನರವೃಕನೆಂದರೆ ಯಾವಾಗಲೂ ‘ಅವನು’. ‘ನಾನು’ ಎಂದು ಹೇಳಿಕೊಂಡವರು ವಿರಳ.

ಹೇಳಿಕೊಂಡವರುಂಟು, ಆದರೆ ಹಾಗೆ ಹೇಳಿಸಿದ್ದು ಹಿಂಸಾಯಂತ್ರ. 1589ರಲ್ಲಿ ಜರ್ಮನಿಯ ಕೊಲೋನಿನ ಬಳಿಯ ಬೆಡ್ಬುರ್ಗ್ ಎಂಬಲ್ಲಿ ವಧೆಗೊಳಗಾದ ಪೀಟರ್ ಸ್ಟುಂಪನು, ಸೈತಾನನು ಕೊಟ್ಟ ಸೊಂಟಪಟ್ಟಿಯೊಂದನ್ನು ಕಟ್ಟಿಕೊಂಡು ತಾನು ತೋಳನಾಗುತ್ತಿದ್ದೆನೆಂದು ಒಪ್ಪಿಕೊಂಡದ್ದು ಇಂಥ ಬಲಾತ್ಕಾರದ ನೆರಳಿನಲ್ಲಿಯೇ. ಇದಕ್ಕೆ ತೀರ ಭಿನ್ನವಾದ ದನಿಯೊಂದು ಸುಮಾರು ನೂರು ವರ್ಷಗಳ ಅನಂತರ, ಅಂದು ಸ್ವೀಡನ್ನಿನ ಆಳ್ವಿಕೆಯಲ್ಲಿದ್ದ ಲಿವೋನಿಯಾದಲ್ಲಿ, ಈಗಿನ ಲಾಟ್ವಿಯಾದ ಸೀಮೆಯಲ್ಲಿ ಕೇಳಿಸಿತು. 1691ರಲ್ಲಿ ಬೇರಾವುದೋ ಕಳವಿನ ವಿಚಾರಣೆಗೆಂದು ಬಂದಿದ್ದ, ಎಂಬತ್ತು ದಾಟಿದ ಥೀಸ್ ಎಂಬ ಮುದುಕನನ್ನು ಕುರಿತು ‘ಇವನು ನರವೃಕನೆಂಬುದು ಊರಿಗೆಲ್ಲ ಗೊತ್ತು’ ಎಂಬ ಮಾತು ಸಾಂದರ್ಭಿಕವಾಗಿ ಎದ್ದಿತು. ನ್ಯಾಯಾಧೀಶರು ಕೇಳಿದಾಗ ಮುದುಕನು ಯಾವ ಒತ್ತಾಯವೂ ಇಲ್ಲದೆ, ಹೌದೆಂದು ಒಪ್ಪಿಕೊಂಡದ್ದಲ್ಲದೆ, ವರ್ಷದಲ್ಲಿ ಮೂರು ರಾತ್ರಿ ತಾನೂ ತನ್ನ ಸಂಗಡಿಗರೂ ತೋಳಗಳಾಗಿ ಪಾತಾಳಕ್ಕಿಳಿದು, ಮಾಟಗಾರರು ಹೊತ್ತುಕೊಂಡು ಹೋದ ಧಾನ್ಯದ ಸತ್ತ್ವವನ್ನು ಹೋರಾಡಿ ಮರಳಿ ತರುವೆವೆಂದೂ, ತಾವು ಸೈತಾನನ ಬಂಟರಲ್ಲ, ದೇವರ ಬೇಟೆನಾಯಿಗಳೆಂದೂ ಸಾಧಿಸಿದನು. ಪಾದ್ರಿಯು ಎಷ್ಟು ಬೋಧಿಸಿದರೂ ಮುದುಕನು ಜಗ್ಗಲಿಲ್ಲ. ಕೊನೆಗೆ ನ್ಯಾಯಸ್ಥಾನವು ಅವನಿಗೆ ಚಾಟಿಯೇಟಿನ ಶಿಕ್ಷೆಯನ್ನು ವಿಧಿಸಿ ಗಡೀಪಾರು ಮಾಡಿತು. ತಾನೇ ನರವೃಕನೆಂದು ಎದೆಯೊಡ್ಡಿ ನಿಂತು, ತನ್ನ ತೋಳತನಕ್ಕೊಂದು ಕೃಷಿಕಾರ್ಯದ ಘನತೆಯನ್ನು ಕಲ್ಪಿಸಿದ ಈ ವೃದ್ಧನನ್ನು ನಾನು ಈ ಕಥೆಯ ಮೂಲಪುರುಷನೆಂದು ಎಣಿಸುತ್ತೇನೆ.

ಇಪ್ಪತ್ತನೆಯ ಶತಮಾನದಲ್ಲಿ ಈ ಭೂತದ ಪಾಲನೆಯ ಭಾರವನ್ನು ಹೊತ್ತದ್ದು ಸಿನಿಮಾ. 1941ರ ‘ದಿ ವುಲ್ಫ್ ಮ್ಯಾನ್’ ಚಿತ್ರಕ್ಕೆ ಕಥೆ ಬರೆದ ಕರ್ಟ್ ಸಿಯೋಡ್ಮಾಕನು ನಾಜಿಗಳ ಜರ್ಮನಿಯಿಂದ ತಪ್ಪಿಸಿಕೊಂಡು ಬಂದ ಯೆಹೂದಿ ವಂಶಜ. ಸಜ್ಜನನಾದ ನೆರೆಯವನು ರಾತ್ರೋರಾತ್ರಿ ಮೃಗವಾಗುವ ಕಥೆ ಅವನಿಗೆ ಎಲ್ಲಿಂದ ದೊರಕಿತೆಂದು ಬಹಳ ಹುಡುಕಬೇಕಾಗಿಲ್ಲ. ಬೆಳ್ಳಿಯಿಂದಲೇ ಸಾವು, ಹುಣ್ಣಿಮೆಗೇ ರೂಪಾಂತರ ಎಂಬ ನಿಯಮಗಳು ಶಾಸ್ತ್ರವಾಕ್ಯಗಳಂತೆ ಜನಮನಸ್ಸಿನಲ್ಲಿ ನಿಂತದ್ದು ಹೆಚ್ಚಾಗಿ ಈ ಚಿತ್ರದಿಂದಲೂ ಇದರ ಉತ್ತರಭಾಗಗಳಿಂದಲೂ. ಪುರಾತನವೆಂದು ನಾವು ನಂಬುವ ಎಷ್ಟೋ ಆಚಾರಗಳು ನಮ್ಮ ಅಜ್ಜಂದಿರ ಕಾಲದವೆಂದು ಆಮೇಲೆ ಗೊತ್ತಾಗುವುದು ಬೇರೆ ಕಡೆಯೂ ಉಂಟಷ್ಟೆ.

ತೆರೆಯ ಮೇಲಿನ ತೋಳವೂ ‘ಅವನೇ’. ನೋಡುವವನು ತಾನೇ ಅದಾಗುವ ಅವಕಾಶವನ್ನು ಕೊಟ್ಟದ್ದು ಮೇಜಿನ ಸುತ್ತ ಕುಳಿತು ಮಾತಿನಲ್ಲಿಯೇ ಆಡುವ ಪಾತ್ರಾಭಿನಯದ ಆಟಗಳು. 1974ರ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಲ್ಲಿ ನರವೃಕನು ವೀರರು ಕೊಲ್ಲಬೇಕಾದ ಮೃಗಗಳ ಪಟ್ಟಿಯಲ್ಲಿ ನಿಂತಿದ್ದರೆ, 1992ರಲ್ಲಿ ಬಂದ ‘ವೇರ್‌ವುಲ್ಫ್: ದಿ ಅಪೊಕ್ಯಾಲಿಪ್ಸ್’ ಎಂಬುದರಲ್ಲಿ ಆಡುವವರೆಲ್ಲರೂ ನರವೃಕರೇ, ಅವರಿಗೆ ಕುಲಗಳುಂಟು, ಧರ್ಮಸೂತ್ರಗಳುಂಟು, ಅಂಕಗಳಲ್ಲಿ ಅಳೆಯುವ ರೋಷವುಂಟು. ಲಿವೋನಿಯಾದ ಥೀಸನು ಈ ಮೇಜಿನ ಬಳಿ ಬಂದಿದ್ದರೆ ಅವನಿಗೊಂದು ಕುರ್ಚಿ ತಪ್ಪದೆ ದೊರಕುತ್ತಿತ್ತು.

ಅಷ್ಟಾದರೂ ಆ ಕುಲವೀರರಲ್ಲಿ ಯಾರೂ ಪಾತ್ರೆ ತೊಳೆಯಬೇಕಾಗಿರಲಿಲ್ಲ. ಆ ಕೆಲಸವನ್ನು ಅವರ ತಲೆಗೆ ಕಟ್ಟಿದವನು ವಿಲ್ ರೈಟ್. 1989ರಲ್ಲಿ ‘ಸಿಮ್‌ಸಿಟಿ’ ಎಂಬ ನಗರನಿರ್ಮಾಣದ ಆಟದಿಂದ ಹೆಸರುವಾಸಿಯಾಗಿದ್ದ ಈತನ ಮನೆಯು 1991ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಗುಡ್ಡಗಳಿಗೆ ಹತ್ತಿದ ಮಹಾಗ್ನಿಯಲ್ಲಿ ಸುಟ್ಟುಹೋಯಿತು. ಮತ್ತೆ ಮನೆ ಹೂಡುವಾಗ ಯಾವ ವಸ್ತು ನಿಜವಾಗಿ ಬೇಕು, ಯಾವುದು ಬೇಡವೆಂದು ಒಂದೊಂದಾಗಿ ಯೋಚಿಸಬೇಕಾಗಿ ಬಂದದ್ದು, ಮುಂದೆ ಅವನು ರಚಿಸಿದ ಬೊಂಬೆಮನೆಯ ಆಟಕ್ಕೆ ಪ್ರೇರಣೆಯಾಯಿತು. ಅವನಿದ್ದ ಸಂಸ್ಥೆಯೊಳಗಿನ ಹಲವರಿಗೆ ಬೊಂಬೆಮನೆಯೆಂಬ ಮಾತೇ ರುಚಿಸಲಿಲ್ಲ. ಆದರೂ 2000ದ ಫೆಬ್ರವರಿಯಲ್ಲಿ ‘ದಿ ಸಿಮ್ಸ್’ ಹೊರಬಂದಿತು. ಬಂದು, ಎಲ್ಲರ ಲೆಕ್ಕವನ್ನೂ ತಲೆಕೆಳಗು ಮಾಡಿತು. ಇದರಲ್ಲಿ ಗೆಲ್ಲಬೇಕಾದ ಯುದ್ಧವಿಲ್ಲ, ತಲಪಬೇಕಾದ ಗುರಿಯಿಲ್ಲ. ಹಸಿವು, ನಿದ್ರೆ, ಸ್ನಾನ, ಶೌಚ, ಸ್ನೇಹ, ವಿನೋದ ಮುಂತಾದ ಎಂಟು ಬೇಡಿಕೆಗಳು ಎಂಟು ಪಟ್ಟಿಗಳಾಗಿ ತೆರೆಯ ಕೆಳಗೆ ಇಳಿಯುತ್ತಲೇ ಇರುತ್ತವೆ. ಯಾವ ದೇಶದ್ದೂ ಅಲ್ಲದ, ನಟರು ಆಶುವಾಗಿ ಹುಟ್ಟಿಸಿದ ಸಿಮ್ಲಿಷ್ ಎಂಬ ನುಡಿಯಲ್ಲಿ ಹರಟುವ ಪುಟ್ಟ ಮನುಷ್ಯರಿಗೆ ಉಣಿಸಿ, ಮಲಗಿಸಿ, ಕೆಲಸಕ್ಕೆ ಕಳುಹಿಸಿ, ಸಿಮೋಲಿಯನ್ ಎಂಬ ನಾಣ್ಯದಲ್ಲಿ ಬಿಲ್ಲು ಕಟ್ಟಿಸುವುದೇ ಆಟ. ನಮ್ಮ ಹುಡುಗಿಯರು ಜಗಲಿಯ ಮೂಲೆಯಲ್ಲಿ ಮರದ ಕುಡಿಕೆಗಳನ್ನಿಟ್ಟು ಆಡುತ್ತಿದ್ದ ಅಡಿಗೆಯಾಟಕ್ಕೂ ಇದಕ್ಕೂ ಇರುವ ಅಂತರವು ಯಂತ್ರದ್ದೇ ಹೊರತು ಮನಸ್ಸಿನದಲ್ಲ.

ಇಂಥ ಮನೆಗೆ ತೋಳವು ಮೊದಲು ಬಂದದ್ದು ಸಾಕುಪ್ರಾಣಿಗಳ ಹಿಂದೆ. 2004ರ ‘ಸಿಮ್ಸ್ 2’ ಆಟಕ್ಕೆ 2006ರ ಅಕ್ಟೋಬರಿನಲ್ಲಿ ‘ಪೆಟ್ಸ್’ ಎಂಬ ಪುರವಣಿ ಸೇರಿದಾಗ, ನಾಯಿಬೆಕ್ಕುಗಳೊಡನೆ ರಾತ್ರಿವೇಳೆ ಅಂಗಳಕ್ಕೆ ಸುಳಿದುಹೋಗುವ ತೋಳಗಳೂ ಬಂದವು. ಅವುಗಳಲ್ಲಿ ಒಂದು, ಹೊಳೆಯುವ ಕಣ್ಣುಗಳ ಹಿಂಡಿನೊಡೆಯ; ಅದರೊಡನೆ ಸಲಿಗೆ ಬೆಳೆಸಿದವನನ್ನು ಅದು ಕಚ್ಚಿದರೆ ಕಚ್ಚಿಸಿಕೊಂಡವನು ಆ ಬಳಿಕ ಇರುಳಾದೊಡನೆ ರೋಮಮಯನಾಗಿ, ಬೆಳಗಾದೊಡನೆ ಮನುಷ್ಯನಾಗುತ್ತಾನೆ. ಹುಣ್ಣಿಮೆ ಅಮಾವಾಸ್ಯೆಗಳ ಗೊಡವೆಯೇ ಇಲ್ಲ, ಪ್ರತಿರಾತ್ರಿಯೂ ಪಾಳಿಯ ಕೆಲಸದವನಂತೆ ತೋಳನಾಗಬೇಕು. ಗುಣವೂ ದಿನೇ ದಿನೇ ಜಾರುತ್ತದೆ: ಚಟುವಟಿಕೆ ಏರುತ್ತದೆ, ಒಪ್ಪ ಓರಣ ಇಳಿಯುತ್ತದೆ. ಸಾಕೆನಿಸಿದರೆ, ಹೆಣ್ಣುಗಂಡುಗಳ ಜೋಡಿ ಕೂಡಿಸುವ ಕಣಿಗಾರ್ತಿಯು ಮಾರುವ ಸೀಸೆಯೊಂದನ್ನು ಕುಡಿದರಾಯಿತು. ಈ ಮೊದಲ ಘಟ್ಟದಲ್ಲಿ ತೋಳತನವೆಂದರೆ ಒಂದು ರೋಗ. ಅಂಟುತ್ತದೆ, ಮದ್ದಿಗೆ ವಾಸಿಯಾಗುತ್ತದೆ. ಪೆಟ್ರೋನಿಯಸನ ವೈದ್ಯನ ಕೈಗೆ ಸುಮಾರು ಹತ್ತೊಂಬತ್ತು ಶತಮಾನಗಳ ಬಳಿಕ ಕೊನೆಗೂ ಸರಿಯಾದ ಔಷಧ ಸಿಕ್ಕಿತೆನ್ನಬಹುದು.

2012ರ ಸೆಪ್ಟೆಂಬರಿನ ‘ಸಿಮ್ಸ್ 3: ಸೂಪರ್‌ನ್ಯಾಚುರಲ್’ನಲ್ಲಿ ಅದು ರೋಗವಾಗಿ ಉಳಿಯದೆ ಜಾತಿಯಾಯಿತು. ಯಕ್ಷಿಣಿಯರು, ಮಾಟಗಾತಿಯರು, ರಕ್ತಪಿಪಾಸುಗಳು ಇವರೊಡನೆ ನರವೃಕರೂ ವಾಸಿಸುವ ಮೂನ್‌ಲೈಟ್ ಫಾಲ್ಸ್ ಎಂಬ ಊರೇ ಅದರೊಡನೆ ಬಂದಿತು. ಆ ಊರಿನ ವುಲ್ಫ್ ಮನೆತನದವರಿಗೆ ತೋಳತನವು ಹುಟ್ಟಿನಿಂದಲೇ ಬಂದ ಆಸ್ತಿ. ಆಕಾಶದಲ್ಲಿ ಚಂದ್ರನಿಗೆ ಕಲೆಗಳು ದೊರೆತವು. ಹುಣ್ಣಿಮೆಗೆ ಬೇಡವೆಂದರೂ ರೂಪ ಬದಲಾಗುತ್ತದೆ, ಉಳಿದ ದಿನಗಳಲ್ಲಿ ಮನಸ್ಸು ಬಂದಾಗ ಬದಲಾಯಿಸಿಕೊಳ್ಳಬಹುದು. ಹಾಗೆ ಬದಲಾದವನು ಮೂಸುತ್ತ ಹೋಗಿ ರತ್ನಗಳನ್ನೂ ಕೀಟಗಳನ್ನೂ ಹುಡುಕಿ ತರುತ್ತಾನೆ, ಮನೆಯ ಪೀಠೋಪಕರಣಗಳನ್ನು ಉಗುರಿನಿಂದ ಸೀಳಿಯೂ ಹಾಕುತ್ತಾನೆ. ಇದಕ್ಕಿಂತ ವಿಚಿತ್ರವೆಂದರೆ, ಚಂದ್ರನ ಆವರ್ತವನ್ನು ಹಿಗ್ಗಿಸುವ ಕುಗ್ಗಿಸುವ, ಬೇಕಾದರೆ ಒಂದೇ ಕಲೆಯಲ್ಲಿ ನಿಲ್ಲಿಸಿಬಿಡುವ ಅಧಿಕಾರವನ್ನೂ ಆಡುವವರಿಗೆ ಕೊಟ್ಟಿದ್ದರು. ನಮ್ಮ ಪಂಚಾಂಗಕರ್ತರಲ್ಲಿ ಯಾರಿಗೂ ದೊರಕದ ಅಧಿಕಾರವದು.

2014ರ ‘ಸಿಮ್ಸ್ 4’ ಆಟದಲ್ಲಿ ರಕ್ತಪಿಪಾಸುಗಳು 2017ರಲ್ಲಿಯೇ ಬಂದರೂ ನರವೃಕರು 2022ರ ಜೂನ್ 16ರವರೆಗೆ ಕಾಯಬೇಕಾಯಿತು. ಕಾದದ್ದು ವ್ಯರ್ಥವಾಗಲಿಲ್ಲವೆಂದು ನನ್ನ ಮತ. ಈ ಸಲದ ಊರು ಮೂನ್‌ವುಡ್ ಮಿಲ್; ಮರ ಕಡಿಯುವ ಕಸುಬು ನಿಂತುಹೋಗಿ ಹಾಳುಬಿದ್ದ ಕಾಡುಪೇಟೆ. ಅಲ್ಲಿ ಎರಡು ಹಿಂಡುಗಳು: ಸಂಪ್ರದಾಯವನ್ನೂ ಸಂಯಮವನ್ನೂ ಸಾರುವ ಮೂನ್‌ವುಡ್ ಕಲೆಕ್ಟಿವ್ ಒಂದು, ಸ್ವೈರವನ್ನೇ ಧರ್ಮವೆಂದು ತಿಳಿದ ವೈಲ್ಡ್‌ಫ್ಯಾಂಗ್ಸ್ ಇನ್ನೊಂದು. ಮೊದಲನೆಯದರ ಮುಖಂಡನ ಹೆಸರು ಕ್ರಿಸ್ಟೋಫರ್ ವೊಲ್ಕೋವ್. ರಷ್ಯನ್ನರ ವೊಲ್ಕ್, ಎಂದರೆ ನಮ್ಮ ವೃಕವೇ ಅಲ್ಲಿಯೂ ಕುಳಿತಿದೆ. ಎರಡು ಹಿಂಡಿಗೂ ಸೇರದೆ ಪಾಳುಮನೆಯಲ್ಲಿ ಒಬ್ಬನೇ ಗುರುಗುಟ್ಟುತ್ತಿರುವ ಗ್ರೆಗ್ ಎಂಬ ಮೂರನೆಯವನೂ ಉಂಟು. ಹಿಂದಿನ ಕಾಲದ ತೋಳ ಹೇಗಿದ್ದಿತೆಂಬುದಕ್ಕೆ ಅವನೊಬ್ಬ ಉಳಿದ ಸಾಕ್ಷಿ.

ಈ ಆಟದ ನಿಜವಾದ ನಾವೀನ್ಯವು ಹಳೆಯ ಎಂಟು ಪಟ್ಟಿಗಳ ವಂಶಕ್ಕೆ ಸೇರಿದ ಹೊಸದೊಂದು ಅಳತೆಗೋಲಿನಲ್ಲಿದೆ. ಅದರ ಹೆಸರು ಫ್ಯೂರಿ, ಎಂದರೆ ಕ್ರೋಧ. ಚಂದ್ರನು ಇಲ್ಲಿಯೂ ಇದ್ದಾನೆ, ಹುಣ್ಣಿಮೆಗೆ ಕ್ರೋಧ ಉಕ್ಕುವುದೂ ಉಂಟು. ಆದರೆ ಉಳಿದ ದಿನಗಳಲ್ಲಿ ಅದನ್ನು ಏರಿಸುವುದು ಮನೆಯೊಳಗಿನ ಕ್ಷುದ್ರ ಕಿರುಕುಳಗಳೇ. ಕ್ರೋಧವು ತುಂಬಿ ತುಳುಕಿದರೆ ಬಡಪಾಯಿಯು ತನ್ನ ಇಚ್ಛೆಯನ್ನು ಮೀರಿ ತೋಳನಾಗಿ, ಎದುರಿಗೆ ಸಿಕ್ಕ ಸೋಫಾವನ್ನು ಹರಿದು, ಕಂಡವರನ್ನು ಹೆದರಿಸಿ ಪುಂಡಾಟವಾಡಿದ ಮೇಲೆಯೇ ತಣಿಯುವನು. ಅನುಭವ ಬೆಳೆದಂತೆ ಕ್ರೋಧವನ್ನು ಹದ್ದಿನಲ್ಲಿಡುವ ವಿದ್ಯೆಗಳನ್ನು ಕಲಿಯಬಹುದು. ಒಬ್ಬೊಬ್ಬ ತೋಳನಿಗೂ ಒಂದೊಂದು ಪ್ರಕೃತಿ ಬೇರೆ: ಒಬ್ಬನು ಮಾಂಸವಲ್ಲದೆ ಮುಟ್ಟಲಾರ, ಇನ್ನೊಬ್ಬನಿಗೆ ಬಂಡವಾಳಶಾಹಿಯೆಂದರಾಗದು, ನೌಕರಿಯ ದುಡಿಮೆಯೇ ಅವನ ಸಿಟ್ಟನ್ನು ಕೆರಳಿಸುತ್ತದೆ. ನರವೃಕರ ಮಕ್ಕಳಲ್ಲಿ ಈ ಸ್ವಭಾವವು ಶೈಶವದಲ್ಲಿ ಕಾಣದೆ ಹದಿಹರೆಯಕ್ಕೆ ಕಾಲಿಟ್ಟಾಗ ಪ್ರಕಟವಾಗುವುದೆಂಬ ನಿಯಮವನ್ನು ಮಾಡಿದವರು ಬೆಳೆದ ಮಕ್ಕಳ ತಂದೆತಾಯಿಗಳಾಗಿದ್ದಿರಬೇಕೆಂದು ನಾನು ಊಹಿಸುತ್ತೇನೆ.

ಆಡುವವರ ಕಡೆಯಿಂದ ನೋಡಿದರೆ ಈ ಮೂರು ಘಟ್ಟಗಳು ಇನ್ನೊಂದು ಬಗೆಯಾಗಿ ಕಾಣುವುವು. ಸಿಮ್ಸ್ ಆಡುವವರಲ್ಲಿ ಒಬ್ಬ ಮೂಲಪುರುಷನಿಂದ ಹತ್ತು ತಲೆಮಾರುಗಳವರೆಗೆ ವಂಶವನ್ನು ನಡೆಸಿಕೊಂಡು ಹೋಗುವ ವ್ರತವೊಂದು ಸಿಮ್ಸ್ 2ರ ಕಾಲದಿಂದ ಬೆಳೆದು ಬಂದಿದೆ. ಅಂಥ ವಂಶವೊಂದಕ್ಕೆ ನರವೃಕನೊಬ್ಬನು ಮೂಲಪುರುಷನಾದರೆ ಪಕ್ಕದ ಮನೆಯವಳೊಡನೆ ಮದುವೆ, ತೊಟ್ಟಿಲು, ಶಾಲೆಯ ಪಾಠ, ಮುದುಕನ ಸಾವು ಇವೆಲ್ಲವೂ ಕೂದಲು ಹೊತ್ತ ಕೈಗಳಿಂದಲೇ ನಡೆಯಬೇಕು. ತೋಳನ ತುಪ್ಪುಳಕ್ಕೆ ಬಣ್ಣ ಬಳಿಯುವ ಸಾಧನವನ್ನು 2022ರ ಆಟದಲ್ಲಿ ಕೊಟ್ಟುದರಿಂದ ಕಿವಿಯ ತುದಿಯ ಬಿಳುಪಿಗೂ ಬಾಲದ ಕಪ್ಪಿಗೂ ಗಂಟೆಗಟ್ಟಲೆ ಕಳೆಯುವವರುಂಟು. ಕೇಳಿದರೆ ಅವರು ‘ನನ್ನ ತೋಳ’ ಎಂದೇ ಹೇಳುವರು. ‘ನಾನು ಇವತ್ತು ಸೋಫಾ ಹರಿದುಬಿಟ್ಟೆ’ ಎಂದು ಬಾಯಿತಪ್ಪುವುದೂ ಅಪರೂಪವಲ್ಲ. ಯಾವ ನ್ಯಾಯಾಧೀಶನೂ ಕೇಳದೆ, ಯಾವ ಪಾದ್ರಿಯೂ ಬೋಧಿಸದೆ ಬಂದ ಒಪ್ಪಿಗೆಯದು.

ಮತ್ತೆ ಪೆಟ್ರೋನಿಯಸನ ಸೈನಿಕನ ಮಾತು. ಕತ್ತಿಗೆ ಮದ್ದು ಹಚ್ಚಿಸಿಕೊಂಡು ಹಾಸಿಗೆಯಲ್ಲಿ ಬಿದ್ದವನನ್ನು ಕಥೆಗಾರನು ಅಲ್ಲಿಯೇ ಬಿಟ್ಟು, ಇನ್ನು ಮುಂದೆ ಅವನೊಡನೆ ಕುಳಿತು ತುತ್ತು ರೊಟ್ಟಿಯನ್ನೂ ತಿನ್ನಲಾರೆನೆಂದು ಕೈತೊಳೆದುಕೊಂಡನು. ಸಿಮ್ಸ್ 2ರಲ್ಲಿ ಆ ಬೆಳಗು ಮುಂದುವರಿಯುತ್ತದೆ. ರೋಮಗಳು ಉದುರಿ ಮನುಷ್ಯರೂಪ ಮರಳಿ, ಹಸಿವಿನ ಪಟ್ಟಿ ಕೆಂಪಾಗಿ, ನಿದ್ರೆಯ ಪಟ್ಟಿ ಅದಕ್ಕಿಂತ ಕೆಂಪಾಗಿ, ಹಿಂದಿನ ರಾತ್ರಿಯ ಎಂಜಲು ತಟ್ಟೆಗೆ ನೊಣ ಮುತ್ತಿ, ಆತನು ಹಜಾರದ ನಡುವೆ ನಿಂತಿರುವಾಗ, ಕೆಲಸಕ್ಕೆ ಇನ್ನೂ ಒಂದು ಗಂಟೆಯಿದೆಯೆನ್ನುವಷ್ಟರಲ್ಲಿಯೇ ಸಹೋದ್ಯೋಗಿಗಳ ಕಾರು ಬಾಗಿಲಿಗೆ ಬಂದು ನಿಂತು ಹಾರ್ನು ಹಾಕತೊಡಗುತ್ತದೆ.