ಸಾಹಸಚಿತ್ರಕ್ಕೊಂದು ಊರು

2022ರ ಏಪ್ರಿಲ್‌ನಲ್ಲಿ ‘ಕೆ.ಜಿ.ಎಫ್: ಚಾಪ್ಟರ್ 2’ ತೆರೆಕಂಡಾಗ ದೆಹಲಿಯಲ್ಲಿ ಅದರ ಪ್ರದರ್ಶನಗಳಿಗೆ ಕೊರತೆಯಿರಲಿಲ್ಲ. ಮನೆಯ ಹತ್ತಿರದ ಚಿತ್ರಮಂದಿರದಲ್ಲೇ ಬೆಳಗಿನಿಂದ ನಡುರಾತ್ರಿಯವರೆಗೆ ಓಡುತ್ತಿತ್ತು, ಹಿಂದಿಯಲ್ಲಿ. ನಮ್ಮ ಬಳಗದವರು ಹಟ ಹಿಡಿದು, ಮೆಟ್ರೊ ಬದಲಿಸಿ, ನಗರದ ಇನ್ನೊಂದು ಅಂಚಿನಲ್ಲಿದ್ದ ಒಂದೇ ಒಂದು ಕನ್ನಡ ಪ್ರದರ್ಶನಕ್ಕೆ ಹೋದೆವು. ನಲವತ್ತು ದಾಟಿದವರು, ಕಚೇರಿಗಳಲ್ಲಿ ಕಡತಗಳ ನಡುವೆ ದಿನ ಕಳೆಯುವವರು, ಅಂದು ಶಿಳ್ಳೆ ಹಾಕಿದೆವು. ಅದನ್ನು ಮುಚ್ಚಿಟ್ಟು ಮುಂದಿನ ಮಾತುಗಳನ್ನು ಬರೆಯುವುದು ಪ್ರಾಮಾಣಿಕವಾಗುವುದಿಲ್ಲ.

ಹೊರಗೆ ಬಂದಾಗ ಬಳಗದ ಒಬ್ಬರ ಹನ್ನೆರಡು ವರ್ಷದ ಮಗಳು ಕೇಳಿದಳು: “ಅಂಕಲ್, ನಾರಾಚಿ ಈಗಲೂ ಇದೆಯಾ? ಟ್ರೇನಲ್ಲಿ ಹೋಗಬಹುದಾ?” ನಾರಾಚಿ ಸಿನಿಮಾದವರು ಕಟ್ಟಿದ ಊರು, ನಿಜವಾಗಿ ಇದ್ದದ್ದು ಕೋಲಾರದ ಚಿನ್ನದ ಗಣಿ, ಅದೀಗ ಮುಚ್ಚಿದೆ ಎಂದೆವು. ಯಾವಾಗ ಮುಚ್ಚಿತು ಎಂಬುದು ಅವಳ ಮುಂದಿನ ಪ್ರಶ್ನೆ. ನಮ್ಮಲ್ಲಿ ಒಬ್ಬರು ಎಂಬತ್ತರ ದಶಕ ಎಂದರು, ಇನ್ನೊಬ್ಬರು ತೊಂಬತ್ತರ ದಶಕ ಎಂದರು. ಎರಡೂ ತಪ್ಪು. ಮೂರು ಗಂಟೆ ಕಾಲ ಆ ಗಣಿಯ ಹೆಸರಿಗೆ ಚಪ್ಪಾಳೆ ತಟ್ಟಿದವರಿಗೆ ಅದರ ಸಾವಿನ ವರ್ಷ ತಿಳಿದಿರಲಿಲ್ಲ.

ಆ ಮುಜುಗರದಿಂದಲೇ ಈ ಬರಹ ಹುಟ್ಟಿತು. ಕನ್ನಡದ ಸಾಹಸ ಮತ್ತು ರೋಚಕ ಚಿತ್ರಗಳಲ್ಲಿ ಊರು ಎಂಬುದು ಎಲ್ಲೆಲ್ಲಿ ಇತ್ತು, ಈಗ ಎಲ್ಲಿದೆ ಎಂದು ಹುಡುಕುತ್ತ ಹಿಂದಕ್ಕೆ ಹೋದೆವು.

ನಮ್ಮ ಹಿರಿಯರ ನೆನಪಿನಲ್ಲಿ ಈ ಕಥೆ ಆರಂಭವಾಗುವುದು 1968ರ ‘ಜೇಡರ ಬಲೆ’ಯಿಂದ. ಇಂಗ್ಲಿಷಿನಲ್ಲಿ ಜೇಮ್ಸ್ ಬಾಂಡ್ ತೆರೆಗೆ ಬಂದು ಆಗ ಆರು ವರ್ಷವಾಗಿತ್ತು. ಕನಕದಾಸ, ಕಬೀರರಾಗಿ ಕೈಮುಗಿಸಿಕೊಂಡಿದ್ದ ರಾಜ್‌ಕುಮಾರ್ ಅವರನ್ನು ದೊರೈ–ಭಗವಾನ್ ಜೋಡಿ ಕೋಟು ತೊಡಿಸಿ, ಕೈಗೆ ಪಿಸ್ತೂಲು ಕೊಟ್ಟು, ಸಿಐಡಿ 999 ಆಗಿಸಿತು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, ಹತ್ತು ವರ್ಷ ಕಳೆದು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂದವು. ಪೋರ್ಚುಗೀಸರು ಹೋಗಿ ಏಳೇ ವರ್ಷವಾಗಿದ್ದ ಗೋವಾ ಅಂದಿನ ಕನ್ನಡ ಪ್ರೇಕ್ಷಕನಿಗೆ ಅರ್ಧ ವಿದೇಶ. ಕೊನೆಯ ಚಿತ್ರಕ್ಕೆ ನೇಪಾಳದವರೆಗೂ ಹೋಗಬೇಕಾಯಿತು, ರಾಜ್‌ಕುಮಾರ್ ಇಂಗ್ಲಿಷ್ ಹಾಡನ್ನೂ ಹಾಡಬೇಕಾಯಿತು. ಆ ಹಾಡನ್ನು ಈಗಿನ ಹುಡುಗರು ಮೊಬೈಲಿನಲ್ಲಿ ನಗುತ್ತ ಹಂಚಿಕೊಳ್ಳುತ್ತಾರೆ. ನಗಲಿ. ಆದರೆ ಆ ಚಿತ್ರಗಳ ಒಳಗಿನ ನಂಬಿಕೆಯನ್ನು ಗಮನಿಸಬೇಕು: ಸಾಹಸ ಎಂಬುದು ನಮ್ಮ ಬೀದಿಯಲ್ಲಿ ನಡೆಯುವಂಥದಲ್ಲ, ಗಡಿ ದಾಟಿದ ಮೇಲೆ ನಡೆಯುವಂಥದು. ಮನೆಯಲ್ಲಿ ಸಂಸಾರ, ಹೊರಗೆ ಸಾಹಸ.

ಆ ನಂಬಿಕೆ ಮುರಿಯತೊಡಗಿದ್ದೂ 1978ರ ಸುಮಾರಿಗೇ. ಆ ವರ್ಷ ಕಾಶೀನಾಥರ ‘ಅಪರಿಚಿತ’ ಬಂತು. ಗಿರೀಶ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಬಂತು. ಕುರೊಸಾವಾನ ಸಮುರಾಯಿಗಳ ನೆರಳು ಬಿದ್ದಿದ್ದ ಆ ಚಿತ್ರದಲ್ಲಿ ಕತ್ತಿ ಹಿಡಿದ ಕೂಲಿ ಸೈನಿಕನಾಗಿ ಮುಂಬಯಿ ರಂಗಭೂಮಿಯ ತರುಣನೊಬ್ಬ ಕಾಣಿಸಿಕೊಂಡ. ಶಂಕರ್ ನಾಗ್ ಅವರನ್ನು ಕರ್ನಾಟಕ ತನ್ನವರನ್ನಾಗಿ ಮಾಡಿಕೊಂಡದ್ದು ಆಮೇಲೆ. ಅದಕ್ಕೆ ಮೊದಲು ಅಣ್ಣತಮ್ಮಂದಿರಿಬ್ಬರೂ ಮುಂಬಯಿಯ ನಾಟಕದವರು. ಪುಣೆಯಲ್ಲಿ ಚಾಪೇಕರ್ ಸಹೋದರರು ರ‍್ಯಾಂಡ್‌ನನ್ನು ಕೊಂದ ಕಥೆಯ ಮರಾಠಿ ಚಿತ್ರ ‘22 ಜೂನ್ 1897’ರ ಬರವಣಿಗೆಯಲ್ಲಿ ಶಂಕರ್ ಅವರ ಪಾಲಿತ್ತು. ಹೊರನಾಡಿನಲ್ಲಿ ಕೂತು ಕನ್ನಡ ಓದುವ ನಮಗೆ ಇದನ್ನು ಹೇಳಿಕೊಳ್ಳುವಾಗ ಸಣ್ಣ ಜಂಬ ಬರುವುದು ಸಹಜ.

1980ರ ‘ಮಿಂಚಿನ ಓಟ’ ಶಂಕರ್ ನಿರ್ದೇಶಿಸಿದ ಮೊದಲ ಚಿತ್ರ. ಕಾರು ಕದಿಯುವವರ ಕಥೆ. ಅನಂತ್ ನಾಗ್, ಶಂಕರ್ ನಾಗ್, ಲೋಕನಾಥ್ ಮೂವರೂ ಓಡುತ್ತಾರೆ. ಆದರೆ ಗೋವಾಕ್ಕೂ ಅಲ್ಲ, ಕಠ್ಮಂಡುವಿಗೂ ಅಲ್ಲ. ಹಸಿವು, ಜೈಲು, ಪೊಲೀಸು ಎಲ್ಲವೂ ಇಲ್ಲಿಯವೇ. ಐದು ವರ್ಷದ ಮೇಲೆ ಬಂದ ‘ಆಕ್ಸಿಡೆಂಟ್’ ಇನ್ನೂ ಕಹಿ. ಅಮಲಿನಲ್ಲಿ ಕಾರು ಓಡಿಸಿದ ರಾಜಕಾರಣಿಯ ಮಗ ಪಾದಚಾರಿ ಮಾರ್ಗದಲ್ಲಿ ಮಲಗಿದ್ದವರ ಮೇಲೆ ಹರಿಸುತ್ತಾನೆ. ತಂದೆಯಾಗಿ ಅನಂತ್ ನಾಗ್, ಬೆನ್ನು ಹತ್ತುವ ಪತ್ರಕರ್ತನಾಗಿ ಶಂಕರ್. ಯಾರು ಮಾಡಿದರು ಎಂಬುದು ಪ್ರೇಕ್ಷಕನಿಗೆ ಮೊದಲೇ ಗೊತ್ತು. ಉಳಿಯುವ ಕುತೂಹಲ ಒಂದೇ: ಈ ಊರು ಇದನ್ನು ಹೇಗೆ ಮುಚ್ಚಿಹಾಕುತ್ತದೆ? ಕನ್ನಡದ ಥ್ರಿಲ್ಲರ್‌ಗಳಲ್ಲಿ ನಾವು ಇಂದಿಗೂ ಮೊದಲಿಗೆ ನಿಲ್ಲಿಸುವುದು ಇದನ್ನೇ. ರಸ್ತೆಬದಿ ಮಲಗಿದವರ ಮೇಲೆ ಕಾರು ಹರಿದ ಸುದ್ದಿ ಯಾವ ನಗರದಿಂದ ಬಂದಾಗಲೂ ಆ ಚಿತ್ರದ ದೃಶ್ಯಗಳು ಕಣ್ಣ ಮುಂದೆ ಬರುತ್ತವೆ.

ಸುನೀಲ್ ಕುಮಾರ್ ದೇಸಾಯಿಯವರ ‘ತರ್ಕ’ (1989) ಹಾಡಿಲ್ಲದೆಯೂ ಓಡಬಹುದು ಎಂದು ತೋರಿಸಿತು. 1990ರಲ್ಲಿ ಶಂಕರ್ ತೀರಿಕೊಂಡರು. 1995ರಲ್ಲಿ ಉಪೇಂದ್ರರ ‘ಓಂ’ ನಿಜವಾದ ರೌಡಿಗಳನ್ನೇ ತೆರೆಗೆ ತಂದಿತು, ನೂರಾರು ಬಾರಿ ಮರುಬಿಡುಗಡೆಯಾಯಿತು. ಅದರ ಹಿಂದೆ ಸಾಲುಗಟ್ಟಿದ ಲಾಂಗು-ಮಚ್ಚಿನ ಚಿತ್ರಗಳಲ್ಲಿ ಬಹುಪಾಲನ್ನು ನಾವು ನೋಡಿದ್ದೇವೆ. ಹೆಸರು ನೆನಪಿರುವವು ಕಡಿಮೆ.

ಚೆಸ್ಟರ್‌ಟನ್ ನೂರು ವರ್ಷಗಳಿಗೂ ಹಿಂದೆ ಪತ್ತೇದಾರಿ ಕಥೆಗಳ ಪರ ವಾದಿಸುತ್ತ, ಆಧುನಿಕ ನಗರದ ಕಾವ್ಯವನ್ನು ಮೊದಲು ಹಿಡಿದ ಜನಪ್ರಿಯ ಸಾಹಿತ್ಯ ಅದೇ ಎಂಬರ್ಥದ ಮಾತು ಹೇಳಿದ್ದ. ಎಂ.ಎ. ತರಗತಿಯಲ್ಲಿ ಓದಿದಾಗ ಅದು ಜಾಣತನದ ಮಾತೆನಿಸಿತ್ತು. ಪವನ್ ಕುಮಾರ್ ಅವರ ‘ಯೂ ಟರ್ನ್’ (2016) ನೋಡಿದ ಮೇಲೆ ಸತ್ಯವೆನಿಸಿತು. ಬೆಂಗಳೂರಿನ ಡಬಲ್ ರೋಡ್ ಮೇಲ್ಸೇತುವೆ, ಅದರ ನಡುವೆ ಸಾಲಾಗಿಟ್ಟ ಕಲ್ಲುಗಳು, ಸುತ್ತು ಹಾಕುವ ಬೇಸರಕ್ಕೆ ಕಲ್ಲು ಸರಿಸಿ ತಿರುಗಿಕೊಳ್ಳುವ ಬೈಕ್ ಸವಾರರು. ಇಷ್ಟೇ ಆ ಚಿತ್ರದ ಬೀಜ. ನಾವೆಲ್ಲರೂ ಒಂದಲ್ಲ ಒಂದು ದಿನ ಮಾಡಿರುವ ಚಿಲ್ಲರೆ ತಪ್ಪು ಅಲ್ಲಿ ಸಾವಾಗುತ್ತದೆ. ಆ ಚಿತ್ರ ತಮಿಳು, ತೆಲುಗಿಗೆ ಹೋದಾಗ ಡಬ್ ಆಗಿ ಹೋಗಲಿಲ್ಲ. ಹೊಸ ಮೇಲ್ಸೇತುವೆಯೊಂದನ್ನು ಹುಡುಕಿಕೊಂಡು ಮತ್ತೆ ಚಿತ್ರೀಕರಣಗೊಂಡಿತು. ಊರು ಬಿಟ್ಟು ಹೋಗುವಾಗಲೂ ಅದಕ್ಕೆ ಇನ್ನೊಂದು ಊರು ಬೇಕಾಯಿತು.

ಅದೇ ಬಗೆಯಲ್ಲಿ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ಯನ್ನು (2014) ಮಲ್ಪೆಯಿಂದ, ರಾಜ್ ಬಿ. ಶೆಟ್ಟಿಯವರ ‘ಗರುಡ ಗಮನ ವೃಷಭ ವಾಹನ’ವನ್ನು (2021) ಮಂಗಳೂರಿನಿಂದ ಬೇರ್ಪಡಿಸಿ ನೋಡಲಾಗದು. ಅಲ್ಲಿ ಕೊಲೆಗಾರನೂ ತನ್ನ ಊರಿನ ಕನ್ನಡದಲ್ಲೇ ಗದರುತ್ತಾನೆ. ‘ಶಾಖಾಹಾರಿ’ಯಲ್ಲಿ (2024) ಮಲೆನಾಡಿನ ಸಣ್ಣ ಹೋಟೆಲಿನ ಅಡುಗೆಯವನಾಗಿ ರಂಗಾಯಣ ರಘು ತರಕಾರಿ ಹೆಚ್ಚುವುದನ್ನು ನೋಡಿಯೇ ಬೆನ್ನುಹುರಿ ತಣ್ಣಗಾಗುತ್ತದೆ. ಸ್ಫೋಟಗಳ ಅಗತ್ಯವೇ ಬೀಳುವುದಿಲ್ಲ.

ಇನ್ನು ಅನಂತ್ ನಾಗ್ ವಿಷಯ. 2018ರ ಡಿಸೆಂಬರಿನಲ್ಲಿ ‘ಕೆ.ಜಿ.ಎಫ್’ನ ಮೊದಲ ಭಾಗ ಬಂತು, 2019ರ ಏಪ್ರಿಲ್‌ನಲ್ಲಿ ಹೇಮಂತ್ ರಾವ್ ಅವರ ‘ಕವಲುದಾರಿ’. ನಾಲ್ಕು ತಿಂಗಳ ಅಂತರದಲ್ಲಿ ಎರಡರಲ್ಲೂ ಅವರಿದ್ದಾರೆ, ಎರಡರಲ್ಲೂ ನೆಲ ಅಗೆಯುವ ಕೆಲಸವಿದೆ. ‘ಕವಲುದಾರಿ’ಯಲ್ಲಿ ಮೆಟ್ರೊಗಾಗಿ ಬೆಂಗಳೂರನ್ನು ಅಗೆಯುವಾಗ ಹಳೆಯ ಎಲುಬುಗಳು ಸಿಗುತ್ತವೆ. ಸಂಚಾರ ಪೊಲೀಸನೊಬ್ಬ ತನ್ನದಲ್ಲದ ಆ ಪ್ರಕರಣದ ಬೆನ್ನು ಹತ್ತುತ್ತಾನೆ, ಅದನ್ನು ಬಗೆಹರಿಸಲಾಗದೆ ಕುಗ್ಗಿಹೋದ ನಿವೃತ್ತ ಅಧಿಕಾರಿಯಾಗಿ ಅನಂತ್ ನಾಗ್ ಸಿಗುತ್ತಾರೆ. ಕಡತ, ಠಾಣೆ, ವರ್ಗಾವಣೆ, ಮೇಲಧಿಕಾರಿಯ ಉದಾಸೀನ: ಸರ್ಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಳೆದ ನಮ್ಮಂಥವರಿಗೆ ಅದರ ಒಂದೊಂದು ಚೌಕಟ್ಟೂ ಪರಿಚಿತ. ನೆಲದಡಿ ಹೂತದ್ದು ಹೊರಬರುತ್ತದೆ.

‘ಕೆ.ಜಿ.ಎಫ್’ನಲ್ಲಿ ಅದೇ ಅನಂತ್ ನಾಗ್ ಆನಂದ ಇಂಗಳಗಿ ಎಂಬ ಬರಹಗಾರನಾಗಿ ಕುರ್ಚಿಯಲ್ಲಿ ಕೂತು, ಸರ್ಕಾರ ನಿಷೇಧಿಸಿದ ತನ್ನ ಪುಸ್ತಕದ ಕಥೆ ಹೇಳುತ್ತಾರೆ. ಚಿತ್ರವನ್ನು ಸಮರ್ಥಿಸುವವರು ಇದನ್ನೇ ಎತ್ತಿ ತೋರಿಸುತ್ತಾರೆ: ಇದು ಇತಿಹಾಸವಲ್ಲ, ಒಬ್ಬನು ಹೇಳಿದ ದಂತಕಥೆ. ಒಪ್ಪುತ್ತೇವೆ. ಪ್ರಶಾಂತ್ ನೀಲ್ ಕಟ್ಟಿದ ಕತ್ತಲು, ಭುವನ್ ಗೌಡರ ಕ್ಯಾಮೆರಾ ಕಂಡ ಧೂಳು ಸಾಮಾನ್ಯ ಸಾಧನೆಯಲ್ಲ; ಸಾಹಸ ನಿರ್ದೇಶನಕ್ಕೂ ವಿಶೇಷ ಪರಿಣಾಮಗಳಿಗೂ ಬಂದ ರಾಷ್ಟ್ರಪ್ರಶಸ್ತಿ ಸುಮ್ಮನೆ ಬಂದದ್ದಲ್ಲ. ಪಕ್ಕದ ಮನೆಯ ಪಂಜಾಬಿಗಳು ನಮ್ಮನ್ನು ‘ಮದ್ರಾಸಿ’ ಎನ್ನುವುದನ್ನು ಬಿಟ್ಟು ‘ಕೆಜಿಎಫ್‌ವಾಲೆ’ ಎನ್ನತೊಡಗಿದ್ದನ್ನೂ ಮರೆಯುವುದಿಲ್ಲ.

ಆದರೆ ದಂತಕಥೆಗೆ ಬೇಕಾದ ಊರನ್ನು ಕಟ್ಟುವಾಗ ಅದು ಯಾವುದನ್ನು ಅಳಿಸಿತು ಎಂದು ಕೇಳಲೇಬೇಕಾಗಿದೆ. ನಾರಾಚಿಯ ಕೂಲಿಗಳು ಗುಲಾಮರು. ಅವರಿಗೆ ಹೆಸರಿಲ್ಲ, ಸಂಘವಿಲ್ಲ. ಮುಂಬಯಿಯಿಂದ ಒಬ್ಬ ವೀರ ಬರುವವರೆಗೆ ಕಾಯುವುದು ಬಿಟ್ಟು ಅವರಿಗೆ ಬೇರೆ ಕೆಲಸವಿಲ್ಲ. ಅವರ ಭಾಷೆ ಯಾವುದು? ಕನ್ನಡದಲ್ಲಿ ನೋಡಿದರೆ ಕನ್ನಡ, ಹಿಂದಿಯಲ್ಲಿ ನೋಡಿದರೆ ಹಿಂದಿ. ಮೆಟ್ರೊ ಬದಲಿಸಿ ಕನ್ನಡ ಪ್ರದರ್ಶನ ಹುಡುಕಿ ಹೋದ ನಾವು, ಹಿಂದಿಯಲ್ಲೇ ನೋಡಿದ ನೆರೆಯವರಿಗಿಂತ ಹೆಚ್ಚಿನದೇನನ್ನೂ ಪಡೆದು ಬಂದಿರಲಿಲ್ಲ.

ನಿಜವಾದ ಕೋಲಾರದಲ್ಲಿ 1880ರಿಂದ ಜಾನ್ ಟೇಲರ್ ಕಂಪನಿಯ ಆಡಳಿತ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಬೆಂಗಳೂರಿಗಿಂತ ಮೊದಲು ಅಲ್ಲಿಗೆ ಹೋಯಿತು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರಲ್ಲಿ ಬಹುಪಾಲು ತಮಿಳು ಮಾತಾಡುವವರು, ಉತ್ತರ ಆರ್ಕಾಟಿನಂಥ ಜಿಲ್ಲೆಗಳಿಂದ ಬಂದ ದಲಿತರು. ಚಿನ್ನದ ಕಳವು ತಡೆಯಲೆಂದೇ ಮೈಸೂರು ಸರ್ಕಾರ ಕಾನೂನು ಮಾಡಿತ್ತು. ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂದು ಕಾರ್ಮಿಕರಿಗೆ ಆದೇಶವಾದಾಗ, 1930ರಲ್ಲಿ, ಅವರು ಕೆಲಸ ನಿಲ್ಲಿಸಿ ಮುಷ್ಕರ ಹೂಡಿದರು. ತಾವು ಕಳ್ಳರಲ್ಲ ಎಂದು ಹೇಳಲು ಬೆರಳೊತ್ತದೆ ನಿಂತ ಆ ಜನರಿಗಿಂತ ದೊಡ್ಡ ಥ್ರಿಲ್ಲರ್ ಬೇಕೆ? ಒಬ್ಬನೇ ನಾಯಕನಿಲ್ಲದ ಕಾರಣಕ್ಕೋ ಏನೋ, ಅದನ್ನು ಕನ್ನಡದ ದೊಡ್ಡ ಪರದೆ ಮುಟ್ಟಿಲ್ಲ. ಈ ದುಡಿಮೆಗಾರರ ಪೂರ್ವಿಕರನ್ನು ಹುಡುಕಿಕೊಂಡು ಹೋದದ್ದು ತಮಿಳಿನ ಪಾ. ರಂಜಿತ್ ಅವರ ‘ತಂಗಲಾನ್’ (2024). ಅದರಲ್ಲೂ ಮಾಯಾಮಂತ್ರ ಹೇರಳ. ಆದರೆ ನೆಲ ಅಗೆದವರ ಜಾತಿಯನ್ನೂ ನುಡಿಯನ್ನೂ ಅದು ಮರೆಮಾಚಲಿಲ್ಲ. ಕನ್ನಡಿಗರಾದ ನಮಗೆ ಅದನ್ನು ನೋಡುವಾಗ ಮೆಚ್ಚುಗೆಯ ಜೊತೆಗೆ ಸಣ್ಣ ಅಸೂಯೆಯೂ ಆಯಿತು.

ಗಣಿ 1956ರಲ್ಲಿ ಸರ್ಕಾರದ ಕೈಗೆ ಬಂತು. 2001ರ ಫೆಬ್ರವರಿ 28ರಂದು ಮುಚ್ಚಿತು. ಆ ಹುಡುಗಿಗೆ ಅಂದು ಹೇಳಬೇಕಾಗಿದ್ದ ದಿನಾಂಕ ಅದು.

ಹೇಳಿದ್ದು ತಡವಾಗಿ, ಆ ಊರಲ್ಲೇ. ರಜೆಗೆ ಬೆಂಗಳೂರಿಗೆ ಹೋಗಿದ್ದಾಗ ನಾವು ನಾಲ್ಕು ಮಂದಿ ಅವಳನ್ನೂ ಕರೆದುಕೊಂಡು ಬಂಗಾರಪೇಟೆಯ ಮೇಲೆ ಕೋಲಾರದ ಗಣಿಗಳ ಕಡೆಗೆ ಹೊರಟೆವು. ಊರ್‌ಗಾಂ, ಚಾಂಪಿಯನ್, ಮಾರಿಕುಪ್ಪಂ ಎಂದು ನಿಲ್ದಾಣಗಳ ಹೆಸರನ್ನು ಅವಳು ಒಂದೊಂದಾಗಿ ಓದಿದಳು. ಸಯನೈಡ್ ದಿಬ್ಬಗಳನ್ನು ದೂರದಿಂದಲೇ ಗುರುತಿಸಿದಳು. ಚಿತ್ರೀಕರಣ ನಡೆದದ್ದು ಅಲ್ಲೇ ಅಲ್ಲವೇ ಎಂದಳು. ಹೌದೆಂದೆವು, ಚಿನ್ನ ತೆಗೆದ ಮೇಲೆ ಉಳಿದ ಕಲ್ಲಿನ ಪುಡಿ ಅದು ಎಂದೂ ಹೇಳಿದೆವು. ಸಂಜೆ ಮಾರಿಕುಪ್ಪಂ ನಿಲ್ದಾಣದಲ್ಲಿ ಬೆಂಗಳೂರಿನ ರೈಲು ಬಂದು ನಿಂತಾಗ ಬೋಗಿಗಳಿಂದ ಜನ ಸುರಿದರು: ಹೆಗಲಲ್ಲಿ ಚೀಲ, ಕೈಯಲ್ಲಿ ಊಟದ ಡಬ್ಬಿ, ಕೆಲವರ ಮೈಮೇಲೆ ಕಾವಲುಗಾರರ ಸಮವಸ್ತ್ರ. ಇಷ್ಟು ಜನ ಎಲ್ಲಿಗೆ ಹೋಗಿದ್ದರು ಎಂದು ಅವಳು ಕೇಳಿದಳು. ಕೆಲಸಕ್ಕೆ, ದಿನವೂ ಹೋಗಿ ಬರುತ್ತಾರೆ ಎಂದೆವು. ತಮಿಳಿನಲ್ಲೂ ಕನ್ನಡದಲ್ಲೂ ಮಾತಾಡುತ್ತ ಅವರು ನಮ್ಮನ್ನು ದಾಟಿ ಮನೆಗಳ ಕಡೆಗೆ ನಡೆದರು.