ಮನೆಯಂಗಳದ ನಿತ್ಯಹಸಿರು ಮರಗಳು: ಗೊಬ್ಬರ ಮತ್ತು ಆರೈಕೆ

ಒಮ್ಮೆಲೇ ಎಲೆಯುದುರಿಸಿ ಬೋಳಾಗದೆ, ಹಳೆಯ ಎಲೆಗಳನ್ನು ಹಂತಹಂತವಾಗಿ ಕಳಚುತ್ತ ವರ್ಷವಿಡೀ ಹಸಿರಾಗಿರುವ ಮರಗಳನ್ನು ನಿತ್ಯಹಸಿರು ಮರಗಳೆನ್ನುತ್ತಾರೆ. ರಾಜ್ಯದ ನಗರಗಳ ಮನೆಯಂಗಳಗಳಲ್ಲಿ ಕಾಣುವ ಮಾವು, ಹಲಸು, ಸಂಪಿಗೆ, ರಂಜ (ಬಕುಲ) ಹಾಗೂ ಕಂಬದಂತೆ ನೇರವಾಗಿ ಬೆಳೆದು ರೂಢಿಯಲ್ಲಿ ಅಶೋಕವೆನಿಸಿಕೊಂಡಿರುವ ಮರ ಈ ಗುಂಪಿಗೆ ಸೇರಿವೆ. ಸದಾ ಹಸಿರಾಗಿರುವ ಕಾರಣ ಇವುಗಳ ಸಂಕಟ ಬೇಗನೆ ಕಣ್ಣಿಗೆ ಬೀಳದು. ತುದಿಕೊಂಬೆಗಳು ಒಣಗತೊಡಗಿ ಮನೆಯವರು ಗೊಬ್ಬರದ ಚೀಲ ತರುವ ವೇಳೆಗೆ ಬೇರುಗಳು ಸೊರಗಿ ವರ್ಷಗಳೇ ಕಳೆದಿರುತ್ತವೆ.

ಬೇರಿಗೆ ಮಣ್ಣು

ನೀರು ಮತ್ತು ಪೋಷಕಾಂಶ ಹೀರುವ ಸಣ್ಣ ಬೇರುಗಳು ಹೆಚ್ಚಾಗಿ ನೆಲದ ಮೇಲಿನ ಒಂದೂವರೆ ಅಡಿಯೊಳಗೇ ಇದ್ದು, ಕೊಂಬೆಗಳ ಹರವನ್ನೂ ದಾಟಿ ಹಬ್ಬುತ್ತವೆ. ಅಂಗಳಕ್ಕೆಲ್ಲ ಸಿಮೆಂಟು ಬಳಿದರೆ ಮಳೆನೀರೂ ಗಾಳಿಯೂ ಒಳಗಿಳಿಯದೆ ಈ ಬೇರುಗಳು ಸಾಯುತ್ತವೆ. ದೆಹಲಿಯ ಮರಗಳ ಬುಡದ ಸುತ್ತ ಒಂದು ಮೀಟರ್ ವ್ಯಾಪ್ತಿಯ ಕಾಂಕ್ರೀಟ್ ತೆಗೆಯುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲಿ ಆದೇಶಿಸಿದ್ದು ಇದೇ ಕಾರಣಕ್ಕೆ. ಮನೆಯಂಗಳದಲ್ಲೂ ಕನಿಷ್ಠ ಅಷ್ಟು ಮಣ್ಣನ್ನು ತೆರೆದಿಡಬೇಕು. ದೊಡ್ಡ ಮರಕ್ಕೆ ಇನ್ನೂ ಹೆಚ್ಚು ಬೇಕು. ಇದಾಗದೆ ಯಾವ ಗೊಬ್ಬರವೂ ಫಲ ನೀಡದು.

ಗೊಬ್ಬರ ಎಲ್ಲಿ, ಯಾವಾಗ, ಎಷ್ಟು?

ಕಾಂಡಕ್ಕೆ ಒತ್ತಿ ಗೊಬ್ಬರ ಸುರಿಯುವುದು ಸಾಮಾನ್ಯ ತಪ್ಪು. ನಡುಹಗಲಿನಲ್ಲಿ ಮರದ ನೆರಳು ಬೀಳುವ ಅಂಚಿನ ಆಸುಪಾಸಿನಲ್ಲಿ, ಬೇರು ಕಡಿಯದಂತೆ ಮಣ್ಣನ್ನು ತೆಳುವಾಗಿ ಸಡಿಲಿಸಿ ಗೊಬ್ಬರ ಹರಡಿ ನೀರುಣಿಸಬೇಕು. ಮುಂಗಾರಿನ ಜೂನ್-ಜುಲೈ ಮತ್ತು ಮಳೆ ಇಳಿಮುಖವಾಗುವ ಅಕ್ಟೋಬರ್ ಇದಕ್ಕೆ ಸೂಕ್ತ ಕಾಲ. ಒಣ ಮಣ್ಣಿಗೆ, ಬಿರುಬೇಸಿಗೆಯಲ್ಲಿ ರಾಸಾಯನಿಕ ಗೊಬ್ಬರ ಹಾಕಿದರೆ ಬೇರು ಸುಡುತ್ತದೆ.

ಸಂಪಿಗೆ, ರಂಜದಂಥ ಮರಗಳಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಕಾಂಪೋಸ್ಟ್ ಒಂದೆರಡು ಅಂಗುಲ ದಪ್ಪ ಹರಡಿದರೆ ಸಾಮಾನ್ಯವಾಗಿ ಸಾಕು. ಕಳಿಯದ ಸಗಣಿ ಗೆದ್ದಲಿಗೆ ಆಹ್ವಾನ. ಫಸಲು ಕೊಡುವ ಮಾವಿಗೆ ಹೆಚ್ಚು ಪೋಷಣೆ ಬೇಕು: ಮರದ ವಯಸ್ಸಿನ ಪ್ರತಿ ವರ್ಷಕ್ಕೆ 170 ಗ್ರಾಂ ಯೂರಿಯಾ, 110 ಗ್ರಾಂ ಸೂಪರ್ ಫಾಸ್ಫೇಟ್ ಮತ್ತು 115 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬುದು ಪ್ರಚಲಿತ ಶಿಫಾರಸು. ಅದರಂತೆ ಐದು ವರ್ಷದ ಮರಕ್ಕೆ ವರ್ಷಕ್ಕೆ ಕ್ರಮವಾಗಿ 850, 550 ಮತ್ತು 575 ಗ್ರಾಂ. ಹತ್ತನೆಯ ವರ್ಷದ ಪ್ರಮಾಣವನ್ನೇ ಮುಂದೆಯೂ ಎರಡು ಸಮ ಕಂತುಗಳಲ್ಲಿ ನೀಡಬೇಕು.

ಎಲೆಯ ಬಣ್ಣದ ಸೂಚನೆ

ಹಳೆಯ ಎಲೆಗಳು ಒಂದೇ ಸಮನೆ ಹಳದಿಯಾಗುತ್ತ ಬೆಳವಣಿಗೆ ಕುಂಠಿತವಾದರೆ ಸಾರಜನಕದ ಕೊರತೆಯಿರಬಹುದು. ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣಾಂಶ ಸಿಗುತ್ತಿಲ್ಲವೆಂದರ್ಥ. ಕೆಂಪು ಮಣ್ಣಿನಲ್ಲಿ ಕಬ್ಬಿಣವಿದ್ದರೂ, ಮನೆ ಕಟ್ಟುವಾಗ ಹೂತ ಸುಣ್ಣ, ಸಿಮೆಂಟು ಗಾರೆಯಿಂದ ಮಣ್ಣು ಕ್ಷಾರೀಯವಾದರೆ ಅದು ಬೇರಿಗೆ ದಕ್ಕದು. ಇಲ್ಲಿ ಯೂರಿಯಾ ಹಾಕಿ ಪ್ರಯೋಜನವಿಲ್ಲ. ಗಾರೆ ತೆಗೆದು ಕಾಂಪೋಸ್ಟ್ ಸೇರಿಸಬೇಕು. ಸಂದೇಹವಿದ್ದರೆ ಮಣ್ಣು ಪರೀಕ್ಷೆ ಮಾಡಿಸುವುದು ಒಳಿತು.

ಇತರ ಆರೈಕೆ

ಉದುರಿದ ಎಲೆಗಳನ್ನು ಸುಡದೆ ಬುಡದ ಸುತ್ತ ಹೊದಿಸಿದರೆ ತೇವ ಉಳಿಯುತ್ತದೆ, ಕಳಿತ ಮೇಲೆ ಅದೇ ಗೊಬ್ಬರವಾಗುತ್ತದೆ. ಹೊದಿಕೆ ಕಾಂಡಕ್ಕೆ ತಾಗದೆ ಗೇಣಷ್ಟು ದೂರವಿರಲಿ. ಬುಡದ ಮೇಲೆ ಮಣ್ಣನ್ನೂ ಏರಿಸಬಾರದು. ಎಳೆಯ ಮರಗಳಿಗೆ ಮೊದಲ ಎರಡು-ಮೂರು ಬೇಸಿಗೆ ನೀರು ತಪ್ಪಿಸಬಾರದು. ದಿನವೂ ಚಿಮುಕಿಸುವುದಕ್ಕಿಂತ ವಾರಕ್ಕೊಂದೆರಡು ಬಾರಿ ಆಳಕ್ಕಿಳಿಯುವಂತೆ ನೀರು ಹಾಯಿಸುವುದು ಮೇಲು. ಒಣ ಹಾಗೂ ರೋಗದ ಕೊಂಬೆಗಳನ್ನಷ್ಟೇ ಸವರಬೇಕು. ತಲೆ ಕಡಿದರೆ ಗಾಯದಿಂದ ಕೊಳೆ ಒಳಸೇರುತ್ತದೆ.

ಸೊರಗಿದ ಮರವನ್ನು ಉರುಳಿಸುವ ಮುನ್ನ ಬುಡದ ಸಿಮೆಂಟು ತೆಗೆದು ಒಂದೆರಡು ಮಳೆಗಾಲ ಕಾಯುವುದು ವಿವೇಕ. ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮ, 1976ರ ಪ್ರಕಾರ, ವಿನಾಯಿತಿ ಪಡೆದ ಜಾತಿಗಳ ಹೊರತು, ಸ್ವಂತ ಜಾಗದ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಅಗತ್ಯ. ಅನುಮತಿ ದೊರೆತರೂ, ಹಳೆಯ ಮರದಷ್ಟು ನೆರಳು ನೀಡಲು ಹೊಸ ಸಸಿಗೆ ದಶಕಗಳೇ ಬೇಕಾಗುತ್ತವೆ.